ಷಡ್ಡಕರ ಇಂಜಿನ್ ಮೌಂಟಿಂಗ್

ನಮ್ಮ ಮಾವನವರಿಗೆ ಇಬ್ಬರು ಅಳಿಯಂದಿರು ಎಂದು ಜನ ತಿಳಿದಿದ್ದಾರೆ. ತಪ್ಪು. ಹಿರಿಮಗಳ ಗಂಡ ಮೊದಲನೆಯವರು, ಅವರ ಹಳೇ ಬೈಕು ಎರಡನೆಯದು. ಕಿರಿಮಗಳನ್ನು ಕಟ್ಟಿಕೊಂಡ ನಾನು, ಜಾಗ ಉಳಿದರೆ, ಮೂರನೆಯವನು.

ನನ್ನ ಈ ಷಡ್ಡಕರು ಬಸವೇಶ್ವರನಗರದ ಗಣಿತದ ಮೇಷ್ಟ್ರು. ಬೈಕು ಅವರ ತಂದೆಯ ಕಾಲದ್ದು. ಸ್ಟಾರ್ಟ್ ಮಾಡಿದರೆ ನಿಂತಲ್ಲೇ ಹೆಜ್ಜೆ ಹಾಕುತ್ತಿತ್ತು. ಹಿಂದೆ ಒಂದು ಬಸ್ಸಿದ್ದರೆ ಕನ್ನಡಿಯಲ್ಲಿ ಮೂರು ಕಾಣುತ್ತಿದ್ದವು. ಒಮ್ಮೆ ಮಾಗಡಿ ರಸ್ತೆಯಲ್ಲಿ ಆ ನಡುಕಕ್ಕೆ ನಂಬರ್ ಪ್ಲೇಟೇ ಕಳಚಿ ಬಿತ್ತು. ಅದನ್ನು ಎತ್ತಿಕೊಂಡು ಬಂದ ಟ್ರಾಫಿಕ್ ಪೊಲೀಸರು ದಂಡ ಹಾಕುವುದನ್ನು ಮರೆತು, ಇಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅರ್ಧ ಗಂಟೆ ಹರಟಿದರಂತೆ. ನನ್ನನ್ನು ಯಾವ ಪೊಲೀಸರು ಅಷ್ಟು ಪ್ರೀತಿಯಿಂದ ಮಾತಾಡಿಸಿದ್ದಾರೆ?

ಭಾನುವಾರ ಎಲ್ಲರೂ ರಾಜಾಜಿನಗರದ ಮಾವನ ಮನೆಯಲ್ಲಿ ಊಟಕ್ಕೆ ಸೇರುವುದು ವಾಡಿಕೆ. ಬೆನ್ನಿನ ಆಪರೇಷನ್ ಆದ ಮೇಲೆ ನಾನು ಹೊಸ ಕಾರು ಕೊಂಡೆ. ಅದನ್ನು ತಂದು ನಿಲ್ಲಿಸಿದ ದಿನ ಮಾವ ಗೇಟಿಗೆ ಬಂದು, ಕಾರನ್ನು ಸ್ವಲ್ಪ ಮುಂದಕ್ಕೆ ಹಾಕಿ, ಬೈಕಿಗೆ ಜಾಗ ಬೇಕು ಎಂದರು. ಹೊಟ್ಟೆ ಉರಿಯದಿರಲು ನನಗೇನು ಹೊಟ್ಟೆಯೇ ಇಲ್ಲವೇ?

ಈಚೆಗೆ ಷಡ್ಡಕರು ಇಂಜಿನ್ ಮೌಂಟಿಂಗ್ ಬದಲಿಸುವ ಹಟಕ್ಕೆ ಬಿದ್ದರು. ಇಂಜಿನ್ನನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಪಟ್ಟಿಗಳು, ಅವುಗಳೊಳಗಿನ ರಬ್ಬರ್ ಬುಷ್ಷುಗಳು ಸವೆದದ್ದರಿಂದಲೇ ಆ ನಡುಕವಂತೆ. ಹಳೆಯದಕ್ಕಿಂತ ದಪ್ಪ ಪಟ್ಟಿ, ಒಳ್ಳೆಯ ಬುಷ್ ಬೇಕೆಂದು ಲಗ್ಗೆರೆಯ ಒಂದು ವರ್ಕ್‌ಶಾಪಿಗೆ ಅಲೆದರು. ಮೊದಲ ಸಲದ್ದು ತೀರಾ ಮೆತ್ತಗಾಗಿ ಇಂಜಿನ್ನು ತೊಟ್ಟಿಲಿನಂತೆ ತೂಗಾಡಿತು. ಎರಡನೆಯ ಬುಷ್ಷನ್ನು ಊಟದ ಎಲೆಯ ಪಕ್ಕ ಇಟ್ಟು ಎಲ್ಲರ ಕೈಲೂ ಹಿಸುಕಿಸಿದರು. ನಮ್ಮತ್ತೆ ಹಿಸುಕಿ ನೋಡಿ, ಉದ್ದಿನವಡೆ ಇಷ್ಟು ಗಟ್ಟಿಯಾದರೆ ತಾವು ಬಡಿಸುವುದೇ ಇಲ್ಲ ಎಂದರು. ಷಡ್ಡಕರು ಆ ತೀರ್ಪಿಗೆ ತಲೆಬಾಗಿ ಮತ್ತೆ ಲಗ್ಗೆರೆಗೆ ಹೋದರು. ನಾನು ಕಾರಿನ ಬಗ್ಗೆ ಹೇಳಲು ಬಾಯಿ ತೆರೆದರೆ, ಸಾರು ಬಡಿಸಿದರು.

ಕೊನೆಗೆ ಎಲ್ಲ ಕೂಡಿಬಂತು. ಮಾವನ ಮನೆಯ ಮುಂದೆ ಗಾಡಿ ಸ್ಟಾರ್ಟ್ ಮಾಡಿ, ಸೀಟಿನ ಮೇಲೆ ಕಾಫಿ ತುಂಬಿದ ಲೋಟ ಇಟ್ಟರು. ಒಂದು ಹನಿ ಚೆಲ್ಲಲಿಲ್ಲ. ಬೀದಿಯವರು ಚಪ್ಪಾಳೆ ತಟ್ಟಿದರು, ಅತ್ತೆ ಆರತಿ ಎತ್ತಿದರು. ಲೋಟ ಉರುಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ದೇವರೂ ಮಾವನ ಪಕ್ಷ!

ಮೊದಲ ಸವಾರಿಗೆ ಮಾವ ಬೂಟು ತೊಟ್ಟು ಸಿದ್ಧರಾಗಿದ್ದರು. ಷಡ್ಡಕರು ಅವರನ್ನು ದಾಟಿ ಬಂದು ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟರು. ಮೆರೆಯುವುದಕ್ಕೂ ಒಬ್ಬ ಸಾಕ್ಷಿ ಬೇಕಲ್ಲ ಎಂದುಕೊಂಡೇ ಹತ್ತಿದೆ. ವಿಜಯನಗರ ದಾಟಿ ಕೆಂಗೇರಿಯ ಕಡೆ ಹೊರಟೆವು. ರಸ್ತೆಯ ಒಂದೊಂದು ಉಬ್ಬಿಗೂ ಅವರು ಗಾಡಿಯನ್ನು ಪೂರ್ತಿ ನಿಧಾನಿಸಿ, ನನ್ನತ್ತ ಅರ್ಧ ತಿರುಗುತ್ತಿದ್ದರು.

"ಬೆನ್ನಿಗೇನೂ ಆಗ್ತಿಲ್ಲ ತಾನೇ?" ಎಂದರು.

"ಇಲ್ಲ ಭಾವ. ಯಾಕೆ?"

"ಆಪರೇಷನ್ ಆದ್ಮೇಲೆ ನೀವು ಯಾರ ಬೈಕೂ ಹತ್ತಿಲ್ಲವಂತಲ್ಲ. ಜರ್ಕ್‌ಗೆ ಹೆದರ್ತಾರೆ ಅಂತ ನಿಮ್ಮ ಮನೆಯವರು ಹೇಳ್ತಾ ಇದ್ರು. ಅದಕ್ಕೇ ಮೌಂಟಿಂಗ್ ಬದಲಾಯಿಸ್ದೆ. ನಾನೊಬ್ನೇ ಓಡ್ಸೋದಾದ್ರೆ ಹಳೇದೇ ಸಾಕಿತ್ತು."

ಸೀಟಿನ ಹಿಂದಿನ ಕಂಬಿಯಿಂದ ಕೈ ತೆಗೆದು ಅವರ ಹೆಗಲ ಮೇಲಿಟ್ಟೆ. ಅವರು ಗೇರ್ ಬದಲಿಸಿ, ಸ್ವಲ್ಪ ವೇಗ ಹೆಚ್ಚಿಸಿದರು.