ಕಾಕಾ ಕಾರು ಆರಿಸಿದ್ದು

ನಮ್ಮ ಕಾಕಾ ಒಂದು ಕಾರು ಆರಿಸುವಷ್ಟರಲ್ಲಿ ದೇಶಪಾಂಡೆ ನಗರದ ನಮ್ಮ ಓಣಿಯವರೊಬ್ಬರು ಮಗಳಿಗೆ ವರ ಹುಡುಕಿ, ಮದುವೆ ಮಾಡಿ, ಮೊಮ್ಮಗನಿಗೆ ತೊಟ್ಟಿಲನ್ನೂ ಕಟ್ಟಿಬಿಟ್ಟರು! ಉತ್ಪ್ರೇಕ್ಷೆ ಎನ್ನಬೇಡಿ. ಕಾಕಾ ನೋಡುತ್ತಿದ್ದ ಎರಡು ಗಾಡಿಗಳಲ್ಲಿ ಒಂದರ ಮಾಡೆಲ್ಲೇ ನಡುವೆ ಬದಲಾಯಿತು. ಕಾಕಾ ಬೇಸರಪಡಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಿದರು.

ಕಾರು ಬೇಕಾಗಿದ್ದುದು ಕಾಕುಗೆ, ಅಂದರೆ ನಮ್ಮ ಚಿಕ್ಕಮ್ಮನಿಗೆ. ಬೆನ್ನಿನ ಆಪರೇಷನ್ ಆದಮೇಲೆ ಅವರಿಗೆ ಆಟೋ ಹತ್ತುವುದೆಂದರೆ ಪ್ರಾಣಸಂಕಟ, ಮನೆಯ ಗೇಟು ದಾಟುವುದನ್ನೇ ಬಿಟ್ಟಿದ್ದರು. ನಾವಾಗಿದ್ದರೆ ಮೆತ್ತನೆಯ ಸೀಟಿನದೊಂದನ್ನು ತಂದು ಕೈತೊಳೆದುಕೊಳ್ಳುತ್ತಿದ್ದೆವು. ಕಾಕಾ ಜೀವಮಾನವಿಡೀ ಜೋಳದ ವ್ಯಾಪಾರ ಮಾಡಿದವರು. ಚೀಲದ ಬಾಯಿಯ ಕಾಳನ್ನು ಎಂದೂ ನಂಬದೆ, ತಳದಿಂದ ಹಿಡಿ ತೆಗೆದು ನೋಡಿದವರು. ಹಾಗಾಗಿ ಶೋರೂಮಿಗೆ ಕಾಲಿಟ್ಟವರೇ ಧೋತರ ಸಾವರಿಸಿಕೊಂಡು ಗಾಡಿಯ ಅಡಿಗೆ ಮಲಗಿದರು! ಸೇಲ್ಸ್‌ಮನ್ ಚಾವಣಿ ತೆರೆದು ಆಕಾಶ ತೋರಿಸಿದರೆ, ಮನೆಯ ಮಾಳಿಗೆಗೆ ಬೆಳಕಿಂಡಿ ಬೇಕು, ಓಡುವ ಗಾಡಿಗೆ ಯಾಕೆಂದು ಕೇಳಿದರು.

ದರದ ಮಾತು ಬಂದಾಗ ಹೆಗಲ ಮೇಲಿನ ಟವೆಲ್ಲನ್ನು ಅವನ ಕೈಗೆ ಹೊದಿಸಿ, ಒಳಗಿನಿಂದ ಬೆರಳು ಹಿಡಿದು ಒತ್ತಿದರು. ನಾಲ್ಕು ಜನರೆದುರು ಬಾಯಿಬಿಡದೆ ಬೆರಳಲ್ಲೇ ದರ ಹೇಳುವ ಹಳೇ ವ್ಯಾಪಾರಿಗಳ ಪದ್ಧತಿ ಅದು. ಟೈ ಕಟ್ಟಿದ ಅವನಿಗೇನು ಗೊತ್ತು, ಪಾಪ! ಹಿರಿಯರು ಆಶೀರ್ವಾದ ಮಾಡುತ್ತಿದ್ದಾರೆಂದು ಬಗ್ಗಿ ಕಾಲು ಮುಟ್ಟಿದ. ದರಕ್ಕೆ ಒಪ್ಪಿದನೆಂದು ಕಾಕಾ ಹಿಗ್ಗಿದರು. ಬಿಡಿಸಿ ಹೇಳಲು ಮ್ಯಾನೇಜರೇ ಬರಬೇಕಾಯಿತು.

ಇನ್ನು ಟೆಸ್ಟ್ ಡ್ರೈವ್! ಕಾಕಾ ಸ್ಟೇರಿಂಗ್ ಮುಟ್ಟಲಿಲ್ಲ. ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂತು, ಕೆಂಪು ಗಾಡಿಯಲ್ಲೊಮ್ಮೆ, ಬಿಳಿಯದರಲ್ಲೊಮ್ಮೆ ಹಳೇ ಹುಬ್ಬಳ್ಳಿಯ ಗಲ್ಲಿಗಳಲ್ಲೆಲ್ಲ ತಿರುಗಿ, ಯಾವ ಕುಲುಕು ಸೊಂಟಕ್ಕೆ ಬಿತ್ತು, ಯಾವುದು ಬೆನ್ನಿಗೆ ಎಂದು ಮನೆಗೆ ಬಂದು ವರದಿ ಒಪ್ಪಿಸಿದರು. ಕಾಕುವಿನ ತಾಳ್ಮೆಗೂ ಒಂದು ಮಿತಿ ಬೇಡವೇ?

"ನೋವು ನನ್ನ ಬೆನ್ನಿಗೆ, ಗಾಡ್ಯಾಗ ತಿರಗೂದು ನೀವು. ಒಮ್ಮೆ ನನ್ನ ಕೂಡಸ್ರಿ," ಎಂದರು.

ಹೌದಲ್ಲ! ಇದು ಅಷ್ಟು ದಿನ ನಮಗ್ಯಾರಿಗೂ ಹೊಳೆದೇ ಇರಲಿಲ್ಲ.

ಮೊದಲು ಕೆಂಪು ಗಾಡಿ. ಕಾಕು ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದೇ ಹೋಗಿ ಬಂದು, ಛಲೋ ಐತಿ ಎಂದರು. ಕಾಕಾ ನಂಬಲಿಲ್ಲ. ಗಂಡನ ಮನಸ್ಸು ನೋಯಬಾರದೆಂದು ಸೀದ ಅನ್ನಕ್ಕೂ ಛಲೋ ಎನ್ನುವ ಹೆಂಗಸು ಅದು.

ಮರುದಿನ ಬಿಳಿ ಗಾಡಿಯಲ್ಲಿ ಅವರಿಬ್ಬರೂ ಹಿಂದೆ ಕೂತರು, ನಾನು ಮುಂದೆ, ಗಾಡಿ ಓಡಿಸುತ್ತಿದ್ದ ಸೇಲ್ಸ್‌ಮನ್ ಪಕ್ಕದಲ್ಲಿ. ಉಣಕಲ್ ಕೆರೆ ಹತ್ತಿರವಾದರೂ ಕಾಕಾನ ಮಾತೇ ಇಲ್ಲ. ಇದೇನು ವಿಚಿತ್ರ ಎಂದು ತಿರುಗಿ ನೋಡಿದೆ. ಕಾಕು ಗಂಡನ ಹೆಗಲಿಗೆ ತಲೆಯಿಟ್ಟು, ಬಾಯಿ ತುಸು ತೆರೆದು, ಗಾಢ ನಿದ್ದೆಯಲ್ಲಿದ್ದರು. ಆಪರೇಷನ್ ಆದಾಗಿನಿಂದ ರಾತ್ರಿಯೆಲ್ಲ ಮಗ್ಗಲು ಬದಲಿಸುತ್ತ ನರಳುವ ಜೀವ ಅದು. ಕಾಕಾ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು.

ಸೇಲ್ಸ್‌ಮನ್ ಗಾಡಿ ತಿರುಗಿಸಲು ಹೊರಟ.

"ತಿರಗಸಬ್ಯಾಡ ತಮ್ಮಾ," ಎಂದು ಕಾಕಾ ಪಿಸುಗುಟ್ಟಿದರು, "ಧಾರವಾಡದ ಕಡೆ ನಡಿ."

"ಟೆಸ್ಟ್ ಡ್ರೈವ್ ಇಲ್ಲೀತನಕ ಅಷ್ಟ ರೀ ಸರ್."

"ಗಾಡಿ ನಂದ ಆತು ಅಂತ ತಿಳಕೋ. ಸಾವಕಾಶ ನಡಿ."

ಇಷ್ಟು ದಿನ ನಕ್ಕಿದ್ದೆನಲ್ಲ, ಆ ಮನುಷ್ಯನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ಧಾರವಾಡ ಬಂತು. ಎಲ್ಲಿ ನಿಲ್ಲಿಸಲಿ ಎಂದು ಸೇಲ್ಸ್‌ಮನ್ ಕನ್ನಡಿಯಲ್ಲಿ ನೋಡಿದ. ಕಾಕಾ ಹೆಗಲು ಅಲುಗಿಸದೆ, ಮುಂದಕ್ಕೆ ಹೋಗುತ್ತಲೇ ಇರು ಎಂದು ಬೆರಳಲ್ಲಿ ಸನ್ನೆ ಮಾಡಿದರು.