ಜವರಯ್ಯನ ಕನಸಿನ ಬೀಗರೂಟ

ಈ ಶ್ರಾವಣದಲ್ಲಿ ಬಾಡು ತಿನ್ನುವುದಿರಲಿ, ಬೀದಿಯಲ್ಲಿ ಹೋಗುವ ಕೋಳಿಯನ್ನೂ ಕಣ್ಣೆತ್ತಿ ನೋಡುವುದಿಲ್ಲವೆಂದು ಪಾಲಹಳ್ಳಿಯ ಜವರಯ್ಯ ಪಂಚಾಯ್ತಿ ಕಟ್ಟೆಯ ಮೇಲೆ ನಿಂತು ಸಾರಿದ. ಕಟ್ಟೆಗೆ ಹೊಸದಾಗಿ ರೇಡಿಯೋ ಬಂದಿದ್ದ ವರ್ಷ ಅದು. ವಾರ್ತೆ ಕೇಳಲು ಕೂತಿದ್ದವರಿಗೆ ಈ ವಾರ್ತೆಯೂ ಪುಕ್ಕಟೆ ಸಿಕ್ಕಿತು.

ಶಪಥಕ್ಕೆ ಕಾರಣವಿತ್ತು. ಶ್ರಾವಣದ ಕಡೇ ಶನಿವಾರ ಅವರ ವಂಶದವರೆಲ್ಲ ಸೇರಿ ತಿಮ್ಮಪ್ಪನಿಗೆ ಹರಿಸೇವೆ ಮಾಡುತ್ತಿದ್ದರು. ದಾಸಯ್ಯ ಶಂಖ ಊದುವಾಗ ಗರುಡಗಂಬವೆಂಬ ಕೈದೀಪವನ್ನು ಹಿಡಿದು ಎಲ್ಲರ ಮುಂದೆ ನಿಲ್ಲುವವನು ತಿಂಗಳಿಡೀ ಶುದ್ಧವಾಗಿರಬೇಕು. ಅಪ್ಪ ಇರುವ ತನಕ ಆ ದೀಪ ಅಪ್ಪನ ಕೈಯಲ್ಲಿತ್ತು. ಅವನು ತೀರಿಕೊಂಡ ಮೇಲೆ ಹಿರಿಮಗ ಜವರಯ್ಯನಿಗೆ ಬರಬೇಕಿತ್ತು. ಹೋದ ಶ್ರಾವಣದ ನಡುವೆ ಬೆಳಗೊಳದ ಭಾವಮೈದನ ಮನೆಯ ಮೀನು ಸಾರು ಅಡ್ಡ ಬಂದು, ದೀಪ ತಮ್ಮ ಸಣ್ಣಯ್ಯನ ಪಾಲಾಯಿತು. ತಮ್ಮ ಮುಂದೆ ದೀಪ ಹಿಡಿದು ನಿಂತರೆ ಅಣ್ಣ ಹಿಂದೆ ಜನರ ಚಪ್ಪಲಿಗಳ ಪಕ್ಕ ನಿಂತಿದ್ದ. ಆ ಅವಮಾನ ಇನ್ನೂ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಇತ್ತು.

ಶ್ರಾವಣ ಹುಟ್ಟಿತು. ಬೆಳಿಗ್ಗೆ ಸೊಪ್ಪು ಸಾರು, ಸಂಜೆ ಹುರುಳಿ ಸಾರು. ಜವರಯ್ಯ ಮುಖ ಕಿವುಚದೆ ಉಂಡ. ಒಂದು ಮಧ್ಯಾಹ್ನ ಜಗಲಿಯ ಮೇಲೆ ಅಡ್ಡಾದವನಿಗೆ ಬೀಗರೂಟದ ಕನಸು ಬಿತ್ತು. ಸಾಲಾಗಿ ಬಾಳೆ ಎಲೆ, ಬಿಸಿ ಮುದ್ದೆ, ಮೂಳೆ ಸಾರು, ಪಕ್ಕದ ಎಲೆಯ ಮುಂದೆ ಅಪ್ಪ! ಅಪ್ಪನ ತಿಥಿಯನ್ನು ತಾನೇ ಮಾಡಿದ್ದು ಜವರಯ್ಯನಿಗೆ ನೆನಪಾಯಿತು. ಹಾಗಾದರೆ ಇದು ಕನಸು. ಕನಸಾದರೆ ವ್ರತಕ್ಕೇನು ಭಂಗ? ತೋಳು ಮಡಿಸಿ ಎಲೆಯ ಮೇಲೆ ಬಿದ್ದ.

ಅಂದಿನಿಂದ ಅವನಿಗೆ ಮಧ್ಯಾಹ್ನದ ನಿದ್ದೆಯ ಮೇಲೆ ಎಲ್ಲಿಲ್ಲದ ಭಕ್ತಿ ಬಂತು. ಅಪ್ಪ ಕಂಡ ಕೂಡಲೇ ಕನಸೆಂದು ಗೊತ್ತಾಗುತ್ತಿತ್ತು, ಗೊತ್ತಾದ ಕೂಡಲೇ ಬೇಕುಬೇಕಾದ್ದನ್ನು ಬಡಿಸಿಕೊಳ್ಳುತ್ತಿದ್ದ. ಊರಿನಲ್ಲಿ ಯಾರಿಗೂ ಇಲ್ಲದ ಈ ವಿದ್ಯೆಯನ್ನು ಹೆಂಡತಿಯಿಂದ ಮುಚ್ಚಿಡಲು ಅವನ ಹೆಮ್ಮೆ ಬಿಡಲಿಲ್ಲ.

“ಅಮ್ಮೀ, ದಿನಾ ಬೀಗರೂಟ ಉಣ್ತಾ ಇವ್ನಿ, ವ್ರತಾನೂ ಕೆಟ್ಟಿಲ್ಲ. ಇಂತಾ ಗಂಡನ್ನ ಎಲ್ಲಾದ್ರೂ ಕಂಡಿದ್ದೀಯಾ?”

ಪುಟ್ಟಲಕ್ಷ್ಮಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿದಳು.

“ಕನಸು ಅಂತ ಗೊತ್ತಾಗದು ಮುದ್ದೆ ಮುರಿಯಕ್ಕೆ ಮುಂಚೆನೋ, ಆಮೇಲೋ?”

“ಮುಂಚೇನೇ.”

“ಶ್ರಾವಣ ಅಂತಾನೂ ಗ್ಯಾನ ಇರ್ತದಾ?”

“ಇರದೇ ಏನು? ಅದ್ಕೇ ರುಚಿ ಜಾಸ್ತಿ.”

“ಗೊತ್ತಿಲ್ದೆ ತಿಂದಿದ್ರೆ ತಿಮ್ಮಪ್ಪ ನಕ್ಕು ಸುಮ್ನಾಗನು. ನೀವು ಎಲ್ಲಾ ಗೊತ್ತಿದ್ದೂ ಎಲೆ ಮುಂದೆ ಕೂತ್ಕತೀರಲ್ಲ, ಮನಸ್ಸು ಕೆಡಲಿಲ್ವಾ?”

“ಮನಸ್ಸಿಗೆ ಹೊಟ್ಟೆ ಇದ್ದದೇನಮ್ಮಿ? ಕನಸಿನ ಲೆಕ್ಕ ಕನಸ್ನಲ್ಲೇ ಮುಗೀತದೆ. ಕನಸ್ನಲ್ಲಿ ಕಬ್ಬು ಕದ್ರೆ ಪೊಲೀಸ್ನೋರು ಬತ್ತಾರಾ?”

ಅವಳು ಜಗಲಿಯ ಚಾಪೆ ಸುತ್ತಲು ಹೋದಳು. ದಿಂಬಿನ ಜಾಗದಲ್ಲಿ ಕೆಂಪಂಚಿನ ವಸ್ತ್ರವಿತ್ತು. ದೀಪ ಹಿಡಿಯುವ ದಿನ ಗಂಡ ಹೆಗಲಿಗೆ ಹಾಕಿಕೊಳ್ಳಲೆಂದು ಅವಳೇ ಶ್ರೀರಂಗಪಟ್ಟಣದ ಸಂತೆಯಿಂದ ತಂದು, ಒಗೆದು, ಎತ್ತಿಟ್ಟಿದ್ದ ವಸ್ತ್ರ. ಅದರ ಒಂದು ಮೂಲೆ ನಾರುನಾರಾಗಿ, ಜೊಲ್ಲಿನಲ್ಲಿ ನೆನೆದು ಜೋತಾಡುತ್ತಿತ್ತು. ಅವತ್ತಿನ ಬಾಡು ಯಾಕೆ ಅಷ್ಟೊಂದು ಗಟ್ಟಿಯಾಗಿತ್ತೆಂದು ಜವರಯ್ಯನಿಗೆ ಈಗ ಹೊಳೆಯಿತು.

“ಇದೂ ಕನಸೇನಾ?” ಎಂದಳು. “ನಿಮ್ಮ ಕೈಲಿ ಆ ದೀಪ ನೋಡ್ಬೇಕು ಅಂತ ನಾನು ಒಂದು ಮೊಟ್ಟೆ ಮುಟ್ಲಿಲ್ಲ.”

ಜವರಯ್ಯನಿಗೆ ಕಸಿವಿಸಿಯಾಯಿತು. ಆದರೆ ಸೋಲೊಪ್ಪಿಕೊಳ್ಳುವ ಜಾಯಮಾನ ಅವನದಲ್ಲ. “ದಾಸಯ್ಯನೇ ಹೇಳ್ಲಿ,” ಎಂದ.

ಮಾತು ಬಾವಿಕಟ್ಟೆಗೆ ಹೋಗಿ, ಅಲ್ಲಿಂದ ಕೊಡಗಳ ಜೊತೆ ಮನೆಮನೆಗೂ ಹೋಯಿತು. ದಾಸಯ್ಯ ಬರುವಷ್ಟರಲ್ಲಿ ಅರ್ಧ ಊರು ಜಗಲಿಯ ಮುಂದೆ ಸೇರಿತ್ತು. ಜವರಯ್ಯ ವಕೀಲನಂತೆ ಎದೆಯುಬ್ಬಿಸಿ ತನ್ನ ವಾದ ಮಂಡಿಸಿದ. ವಂಶದ ಹರಿಸೇವೆಗೆಲ್ಲ ಶಂಖ ಊದಿದ್ದ ರಂಗದಾಸಯ್ಯ ಎಲೆಅಡಿಕೆ ಮೆಲ್ಲುತ್ತ, ವಸ್ತ್ರದ ಮೂಲೆಯನ್ನು ಎತ್ತಿ ನೋಡುತ್ತ ಕೇಳಿಸಿಕೊಂಡ.

“ಕನಸಿನ ಲೆಕ್ಕ ಕನಸ್ನಲ್ಲೇ ಮುಗೀತದೆ ಅಂತೀಯ?”

“ಅಂತೀನಿ.”

“ಅಲ್ಲಿ ಉಂಡಿದ್ದು ಇಲ್ಲಿಗೆ ಬರಕ್ಕಿಲ್ಲ?”

“ಬರಕ್ಕಿಲ್ಲ ದಾಸಯ್ನೋರೆ.”

“ವಸ್ತ್ರದ ತಂಕ ಬಂದದೆ. ಓಗ್ಲಿ, ನಿನ್ನ ಮಾತೇ ಇಟ್ಕಳಣ. ಶ್ರಾವಣ ಅಲ್ಲಿ ಕೆಡಿಸಿದ್ದೀಯ, ಗರುಡಗಂಬಾನೂ ಅಲ್ಲೇ ಹಿಡ್ಕೋ. ಇಲ್ಲಿ ಸಣ್ಣಯ್ಯ ಹಿಡೀಲಿ.”

ಊರು ನಕ್ಕಿತು. ಸಣ್ಣಯ್ಯ ಮಾತ್ರ ನಗಲಿಲ್ಲ. “ಅಣ್ಣಯ್ಯ, ನನಗೇನು ಆಸೆ ಇಲ್ಲ ಕಣಾ,” ಎಂದ. ಅದು ನಗುವಿಗಿಂತ ಹೆಚ್ಚು ಚುಚ್ಚಿತು.

ಆದರೂ ಜವರಯ್ಯ ಮೀಸೆ ಇಳಿಸಲಿಲ್ಲ. ಶನಿವಾರ ಚಪ್ಪಲಿಗಳ ಪಕ್ಕದ ತನ್ನ ಹಳೆಯ ಜಾಗದಲ್ಲಿ ನಿಂತು, ತಮ್ಮನ ಕೈಯ ದೀಪ ನೋಡುತ್ತ, ‘ನಂದು ಮಧ್ಯಾಹ್ನಕ್ಕೆ ಐತೆ’ ಎಂದುಕೊಂಡ. ಪ್ರಸಾದ ಉಂಡು ಚಾಪೆ ಹಾಸಿದ. ಪುಟ್ಟಲಕ್ಷ್ಮಮ್ಮ ಕೈಗೆಟಕುವ ಬಟ್ಟೆಗಳನ್ನೆಲ್ಲ ಒಳಗೆ ತೆಗೆದಿಟ್ಟಳು.

ಕನಸು ಬಿತ್ತು. ಕನಸೆಂದೂ ಗೊತ್ತಾಯಿತು. ಜವರಯ್ಯ ಮೊದಲು ಹರಿಸೇವೆಗೆ ಪಾಂಡವಪುರದವರನ್ನೂ ನಾಗಮಂಗಲದವರನ್ನೂ ಕರೆಸಿ ನಿಲ್ಲಿಸಿದ. ಸಣ್ಣಯ್ಯನನ್ನು ಚಪ್ಪಲಿಗಳ ಪಕ್ಕಕ್ಕೆ ಕಳಿಸಿದ. ಹೊಸ ವಸ್ತ್ರ ಹೆಗಲಿಗೇರಿಸಿ, ಶಂಖ ಊದಿಸಿ, ಗಂಭೀರವಾಗಿ ಮುಂದೆ ನಡೆದ. ಅವನು ಹೇಳಿದ್ದೆಲ್ಲ ಅಲ್ಲಿ ನಡೆಯುತ್ತಿತ್ತು.

ದೀಪ ಅಪ್ಪನ ಕೈಯಲ್ಲಿತ್ತು. ಜವರಯ್ಯ ಕೈ ಚಾಚಿದ. ಅಪ್ಪ ದೀಪವನ್ನು ಹಿಂದಕ್ಕೆಳೆದುಕೊಂಡ.

“ಬಾಡು ತಿಂದ ಕೈಗೆ ಕೊಡಕ್ಕಿಲ್ಲ.”

“ನೀನೂ ನನ್ನ ಪಕ್ಕದಲ್ಲೇ ಕೂತು ಮೂಳೆ ಚೀಪ್ದಲ್ಲಪ್ಪಾ!”

“ನಾನು ಸತ್ತೋನು ಕಣ್ಲಾ, ನನಗ್ಯಾವ ಶ್ರಾವಣ?” ಎಂದ ಅಪ್ಪ. “ಬದುಕಿರೋನು ನೀನು. ಓಗು, ಚಪ್ಪಲಿ ತಾವು ನಿಂತ್ಕೋ.”