ಹೊಳೆಮತ್ತಿಯ ನೆರಳಲ್ಲಿ ನಮ್ಮ ಭಾವ

ನಮ್ಮ ಭಾವ ನಡೆಯುತ್ತಾರೆ ಎಂದರೆ ದಾವಣಗೆರೆಯಲ್ಲಿ ಯಾರೂ ನಂಬುವುದಿಲ್ಲ. ಹಾಗಂತ ಕಾಲಿಗೆ ಏನೂ ಆಗಿಲ್ಲ, ಕಂಬದ ಹಾಗಿವೆ. ಬಳಸದೆ ಇಟ್ಟ ಸಾಮಾನು ಸವೆಯುವುದಾದರೂ ಹೇಗೆ? ಪಿ.ಜೆ. ಬಡಾವಣೆಯ ಅವರ ಮನೆಯಿಂದ ಹಾಲಿನ ಅಂಗಡಿಗೆ ನಾಲ್ಕು ಮನೆ ದಾಟಿದರಾಯಿತು. ಅಷ್ಟು ದೂರಕ್ಕೂ ಸ್ಕೂಟರ್ ಹೊರಡಬೇಕು. ಒಮ್ಮೆ ಸ್ಕೂಟರ್ ಕೆಟ್ಟಾಗ ಆಟೊ ಕರೆದರು. ಆಟೊದವನು ಅಂಗಡಿಯನ್ನೊಮ್ಮೆ, ಇವರನ್ನೊಮ್ಮೆ ನೋಡಿ, "ಹುಷಾರಿಲ್ಲೇನ್ರಿ ಯಜಮಾನ್ರೆ? ಕೂಡ್ರಿ, ಹಾಲು ನಾನೇ ತರ್ತೀನಿ" ಅಂದನಂತೆ. ಭಾವ ಬೇಡವೆನ್ನಲಿಲ್ಲ. ಆಟೊದಲ್ಲೇ ಕೂತಿದ್ದರು!

ಸಕ್ಕರೆ ಕಾಯಿಲೆ ಬಂತು. ಡಾಕ್ಟರು ದಿನಾ ಬೆಳಿಗ್ಗೆ ಪಾರ್ಕಿಗೆ ಹೋಗಲೇಬೇಕು ಎಂದರು. ಭಾವ ಆಜ್ಞಾಪಾಲಕರು. ಮಾರನೆಯ ದಿನದಿಂದಲೇ ಸ್ಕೂಟರಿನಲ್ಲಿ ಪಾರ್ಕಿಗೆ ಹೋದರು, ಬೆಂಚಿನ ಮೇಲೆ ಕೂತರು, ನಡೆಯುವವರನ್ನು ನೋಡತೊಡಗಿದರು. ಡಾಕ್ಟರು ಹೋಗು ಅಂದಿದ್ದರೇ ಹೊರತು ಅಲ್ಲಿ ಏನು ಮಾಡಬೇಕೆಂದು ಹೇಳಿರಲಿಲ್ಲವಲ್ಲ! ಸುಮ್ಮನೆ ಕೂರಲು ಬೇಜಾರಾಗಿ, ಹೋಗುವವರಿಗೆ ಕೈ ಬೀಸಿ, ಬೆನ್ನು ನೆಟ್ಟಗೆ ಇಡಿ ಎಂದು ಹೇಳಲು ಶುರು ಮಾಡಿದರು. ಕೆಲವೇ ದಿನಗಳಲ್ಲಿ ಹೊಸಬರು ಇವರನ್ನು ಪಾರ್ಕಿನ ತರಬೇತುದಾರರೆಂದೇ ತಿಳಿದುಬಿಟ್ಟರು. ಹೊಟ್ಟೆ ಕರಗಲು ಏನು ಮಾಡಬೇಕೆಂದು ಒಬ್ಬರು ಬಂದು ಕೇಳಿದರು. ಕೇಳಿದವರ ಕಣ್ಣು ಭಾವನ ಹೊಟ್ಟೆಯ ಮೇಲೆ ನಿಂತಿತು. ಭಾವ ಗಂಭೀರವಾಗಿ, "ನನ್ನ ನೋಡಬ್ಯಾಡ್ರಿ, ನಾ ಹೇಳಿದ್ದು ಕೇಳ್ರಿ" ಅಂದರು.

ಇಂಥ ಮನುಷ್ಯನ ಕೈ ಹಿಡಿದವಳು ನಮ್ಮ ಅಕ್ಕ. ಅವಳೋ ಊರೆಲ್ಲ ಕಾಲಲ್ಲೇ ಅಳೆದವಳು. ಅವಳಿಗೆ ಹೋದ ವರ್ಷ ಲಕ್ವ ಹೊಡೆಯಿತು. ದೇವರು ದೊಡ್ಡವನು, ಮಾತು ಬೇಗ ಮರಳಿತು. ಎಡಗಾಲೂ ಎಡಗೈಯೂ ಮಾತ್ರ ಹೇಳಿದ ಮಾತು ಕೇಳದ ಮಕ್ಕಳಂತಾದವು. ಕೋಲು ಹಿಡಿದು ಅಂಗಳದವರೆಗೆ ಬರುವಷ್ಟಾದಾಗ ಒಂದು ದಿನ ಬೀದಿಗೆ ಇಳಿದಳು. ಹಿಂದಿನಿಂದ ಬೈಕಿನವನೊಬ್ಬ ಹಾರನ್ ಹೊಡೆದ. ಬೆಚ್ಚಿ ನೆಲಕ್ಕೆ ಬಿದ್ದಳು. ಪೆಟ್ಟು ಹೆಚ್ಚಾಗಲಿಲ್ಲ, ಧೈರ್ಯ ಹೋಯಿತು. ಆಮೇಲೆ ಗೇಟಿನ ಹೊರಗೆ ಕಾಲಿಡಲೇ ಇಲ್ಲ. ಬಯಲಲ್ಲಿ ನಡೆಯದಿದ್ದರೆ ಕಾಲು ಹಾಗೇ ನಿಂತುಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ನಾವೆಲ್ಲ ಹೇಳಿ ಸೋತೆವು.

ಭಾವ ತಮ್ಮದೇ ದಾರಿ ಹುಡುಕಿದರು. ಒಂದು ಸಂಜೆ ಬೀದಿಗೆ ಅಡ್ಡಲಾಗಿ ಸ್ಕೂಟರ್ ನಿಲ್ಲಿಸಿ, ಪಕ್ಕದಲ್ಲಿ ಕುರ್ಚಿ ಹಾಕಿ ಕೂತುಬಿಟ್ಟರು. ರಸ್ತೆ ಬಂದ್! ಈ ಕಡೆ ಆಟೊಗಳು, ಆ ಕಡೆ ತರಕಾರಿ ಗಾಡಿ. ಕಾರಣ ಕೇಳಿದವರಿಗೆಲ್ಲ, ನಮ್ಮ ಮನೆಯವರು ನಡೀಬೇಕು, ಸ್ವಲ್ಪ ತಡೀರಿ ಎಂಬ ಉತ್ತರ. ಯಾರೂ ಬೈಯಲಿಲ್ಲ. ಎಲ್ಲರೂ ಇಳಿದು ಅಕ್ಕ ನಡೆಯುವುದನ್ನು ನೋಡಲು ಸಾಲಾಗಿ ನಿಂತರು. ಅಕ್ಕ ನಾಚಿಕೆಯಿಂದ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಭಾವನದು ಬಟ್ಟೆ ಅಂಗಡಿ. ಅಲ್ಲಿಗೆ ಹರಿಹರದಿಂದ ಗಾದಿ ಹೊಲಿಯುವ ಸಾಹೇಬರೊಬ್ಬರು ಬಟ್ಟೆ ಕೊಳ್ಳಲು ಬರುತ್ತಿದ್ದರು. ಒಂದು ದಿನ ಭಾವನ ಬಾಡಿದ ಮುಖ ನೋಡಿ ವಿಷಯ ಕೇಳಿದರು. ಕೇಳಿ ಹೇಳಿದರು: "ನಮ್ಮೂರ ಹೊಳೆ ದಂಡೆಗೆ ಮತ್ತಿ ಮರದ ಕಾಡು ಐತ್ರಿ. ನಮ್ಮಜ್ಜ ಹುಡುಗ ಇದ್ದಾಗ್ಲೇ ಆ ಮರ ಮುದುಕಾಗಿದ್ವಂತೆ. ಕೆಳಗೆ ನೆಲ ನಮ್ಮ ಗಾದಿ ಇದ್ದಂಗೆ. ಹಾರನ್ ಇಲ್ಲ, ಏನಿಲ್ಲ. ಕರ್ಕಂಡ್ ಬರ್ರಿ."

ಭಾನುವಾರ ಬೆಳಿಗ್ಗೆ ಬಾಡಿಗೆ ಕಾರು ಮಾಡಿಕೊಂಡು ನಾವು ಮೂವರೂ ಹೊರಟೆವು. ದಾರಿಯಲ್ಲಿ ಬಾತಿ ಊರು ದಾಟಿದರೂ ಅಕ್ಕ, ನಾ ಕಾರಿಂದ ಇಳಿಯಲ್ಲ, ಈಗ್ಲೇ ಹೇಳೀನಿ ಎನ್ನುತ್ತಲೇ ಇದ್ದಳು. ಹರಿಹರ ಕಳೆದು ಮಣ್ಣಿನ ಹಾದಿ ಹಿಡಿದು ಹೊಳೆಯ ಹತ್ತಿರ ನಿಂತಾಗ ಮಾತು ನಿಲ್ಲಿಸಿದಳು. ಬೂದಿ ಬಳಿದುಕೊಂಡ ಜಂಗಮರ ಹಾಗೆ ಬಿಳಿ ತೊಗಟೆಯ ಹೊಳೆಮತ್ತಿ ಮರಗಳು, ನಾನೂ ಭಾವನೂ ಸೇರಿ ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪ. ಮೇಲೆ ಕೊಂಬೆಗಳು ಕೂಡಿ ಚಪ್ಪರವಾಗಿದ್ದವು. ಕೆಳಗೆ ತರಗೆಲೆ ಹಾಸಿದ ಸಮತಟ್ಟು ಕಾಲುದಾರಿ. ಎಲೆಗಳ ಸದ್ದು, ಅದರಾಚೆ ನೀರಿನ ಸದ್ದು. ಅಕ್ಕ ತಾನಾಗಿಯೇ ಕಾರಿನ ಬಾಗಿಲು ತೆಗೆದಳು.

ಆಗ ನಾನು ಜನ್ಮದಲ್ಲಿ ಕಾಣದ್ದನ್ನು ಕಂಡೆ. ಭಾವ ನಡೆದರು! ಅದೂ ಹಿಮ್ಮುಖವಾಗಿ. ಅಕ್ಕನ ಪಾದದ ಮೇಲೆ ಕಣ್ಣಿಟ್ಟು, ಎರಡೂ ಕೈ ಚಾಚಿ, ಒಂದೊಂದೇ ಹೆಜ್ಜೆ ಹಿಂದಿಡುತ್ತಾ ಹೊರಟರು. ಬೇರು ಬಂದಾಗ, ಇಲ್ಲಿ ಕಾಲೆತ್ತು ಎಂದು ಅವಳಿಗೆ ಹೇಳಿ ತಾವೇ ಎಡವಿದರು. ಅಷ್ಟಾದರೂ ತಿರುಗಿ ನೋಡಲಿಲ್ಲ. ನೋಡಿದರೆ ಅವಳ ಪಾದ ತಪ್ಪಿಹೋಗುತ್ತದಲ್ಲ! ದಾರಿ ಬಳುಕಿದ ಕಡೆ ಅವರು ನೇರವಾಗಿ ಒಂದು ಹೆಮ್ಮರದತ್ತ ಸಾಗತೊಡಗಿದರು.

"ಹಿಂದೆ ಮರ ಐತೆ ನೋಡ್ರಿ" ಎಂದು ಅಕ್ಕ ಎಚ್ಚರಿಸಿದಳು. ಭಾವ ಕೇಳಿಸಿಕೊಳ್ಳಲಿಲ್ಲ. ಅಕ್ಕ ಕೋಲೂರಿ ಬಿರಬಿರನೆ ನಡೆದು, ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಬಲಗೈಯಿಂದ ಅವರ ಅಂಗಿಯ ತೋಳು ಹಿಡಿದೆಳೆದಳು. ಗಂಡನ ಚಿಂತೆಯಲ್ಲಿ ತನ್ನ ಹೆದರಿಕೆ ಮರೆತಿದ್ದಳು. ಎಷ್ಟು ದೂರ ಬಂದಿದ್ದೇನೆಂದು ತಿರುಗಿ ನೋಡಿದಳು. ಕಾರು ಮರಗಳ ಹಿಂದೆ ಸಣ್ಣದಾಗಿ ಕಾಣುತ್ತಿತ್ತು. ಅವಳು ನಕ್ಕಿದ್ದನ್ನು ನಾನು ಎಷ್ಟೋ ತಿಂಗಳ ಮೇಲೆ ಕೇಳಿದೆ.

ಭಾವ ಏದುಸಿರು ಬಿಡುತ್ತಾ ಆ ಮರದ ಬೇರಿನ ಮೇಲೆ ಕುಸಿದು ಕೂತರು. ಸಾಕು, ಕಾರು ಇಲ್ಲಿಗೇ ತರಿಸೋಣ ಎನ್ನುತ್ತಾರೆಂದೇ ನಾನು ಕಾದೆ. ಅಕ್ಕ ತಣ್ಣಗಿನ ತೊಗಟೆಯನ್ನು ಸವರುತ್ತಾ ಸ್ವಲ್ಪ ಹೊತ್ತು ನಿಂತಿದ್ದು, "ಹೊಳೆ ತನಕ ಹೋಗಣ, ಏಳ್ರಿ" ಅಂದಳು.

ಭಾವ ಏಳಲಾಗದವರಂತೆ ಮುಖ ಮಾಡಿದರು. ಅಕ್ಕ ಕೋಲನ್ನು ಮರಕ್ಕೆ ಒರಗಿಸಿ ಬಲಗೈ ಚಾಚಿದಳು. ಭಾವ ತಲೆಯಾಡಿಸಿದರು. "ಅದಲ್ಲ. ಆ ಕೈ ಕೊಡು."

ಅಕ್ಕ ನಿಧಾನವಾಗಿ ಎಡಗೈ ಮೇಲೆತ್ತಿದಳು. ಭಾವ ಅದನ್ನು ಹಿಡಿದರು. ಒಂದು ಲೋಟ ನೀರು ಎತ್ತಲಾಗದ ಆ ಕೈ, ಅಷ್ಟು ಭಾರದ ಮನುಷ್ಯನನ್ನು ಎಬ್ಬಿಸುವುದುಂಟೇ? ಅವರ ಇನ್ನೊಂದು ಕೈ ಬೆನ್ನ ಹಿಂದಿನ ಬೇರನ್ನು ಒತ್ತಿದ್ದು ನನಗೆ ಕಾಣುತ್ತಿತ್ತು. ಅಕ್ಕನಿಗೆ ಕಾಣುತ್ತಿರಲಿಲ್ಲ. ಅವಳು ಹಲ್ಲು ಕಚ್ಚಿ ಎಳೆದಳು. ಭಾವ ಎದ್ದು ನಿಂತರು.

"ನೋಡು, ಎಬ್ಬಿಸಿಬಿಟ್ಟಿ" ಅಂದರು.